ವಿಕಿರಣ ಚಿಕಿತ್ಸೆ: ಐದು ವರ್ಷದ ಲೆಕ್ಕ ಸಾಲದು

ಮಾನ್ಯರೇ,

ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಆದ ಲಿಂಫೋಮಾಕ್ಕೆ ನೀಡುವ ವಿಕಿರಣ ಚಿಕಿತ್ಸೆಯ ಸಂಶೋಧನೆಗಳ ಸುದ್ದಿಯಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣವನ್ನಷ್ಟೇ ಹೇಳಿ ಮುಗಿಸುವುದು ಸರಿಯಲ್ಲ. ಹಾಡ್ಜ್‌ಕಿನ್ ಲಿಂಫೋಮಾ ಹರೆಯದವರನ್ನೂ ಕಾಡುವ, ಆದರೆ ಬಹುಪಾಲು ಗುಣವಾಗುವ ಕಾಯಿಲೆ. ಎದೆಗೆ ಬಿದ್ದ ವಿಕಿರಣದಿಂದ ಉಂಟಾಗುವ ಸ್ತನ ಕ್ಯಾನ್ಸರ್, ಹೃದಯದ ರಕ್ತನಾಳಗಳ ತೊಂದರೆ ತಲೆದೋರುವುದು ಹೆಚ್ಚಾಗಿ 10–20 ವರ್ಷಗಳ ಬಳಿಕ, ಅಥವಾ ಇನ್ನೂ ತಡವಾಗಿ. ಐದು ವರ್ಷದ ಅಂಕಿಯಲ್ಲಿ ಇವು ಕಾಣುವುದೇ ಇಲ್ಲ.

ಹಿಂದೆ ಈ ಕಾಯಿಲೆಗೆ ಕತ್ತು, ಕಂಕುಳು, ಎದೆಗೂಡಿನ ನಡುಭಾಗ ಎಲ್ಲವನ್ನೂ ಸೇರಿಸಿ ಸುಮಾರು 40 ಗ್ರೇ (ದೇಹ ಹೀರಿಕೊಂಡ ವಿಕಿರಣದ ಅಳತೆ) ಕೊಡಲಾಗುತ್ತಿತ್ತು. ಆರಂಭಿಕ ಹಂತದ, ಅಪಾಯದ ಲಕ್ಷಣಗಳಿಲ್ಲದ ರೋಗಿಗಳಿಗೆ ಎಬಿವಿಡಿ ಎಂಬ ನಾಲ್ಕು ಔಷಧಗಳ ಕಿಮೋಥೆರಪಿಯ ಎರಡು ಸುತ್ತುಗಳ ನಂತರ 20 ಗ್ರೇ ಸಾಕೆಂದು 2010ರಲ್ಲಿ ಪ್ರಕಟವಾದ ಜರ್ಮನಿಯ ಎಚ್‌ಡಿ10 ಅಧ್ಯಯನ ತೋರಿಸಿತು. ಹಾಗೆಂದು ಎಲ್ಲೆಡೆ ಪ್ರಮಾಣ ಇಳಿಸುವಂತಿಲ್ಲ. ಇನ್ನೊಂದು ಬಗೆಯಾದ ಫಾಲಿಕ್ಯುಲರ್ ಲಿಂಫೋಮಾವನ್ನು ದೀರ್ಘಕಾಲ ಹತೋಟಿಯಲ್ಲಿಡುವುದರಲ್ಲಿ 4 ಗ್ರೇಗಿಂತ 24 ಗ್ರೇ ಮೇಲೆಂಬುದೂ ಪ್ರಯೋಗದಿಂದಲೇ ತಿಳಿದದ್ದು.

ಇಂಥ ಸುದ್ದಿ ಪ್ರಕಟಿಸುವಾಗ ಒಟ್ಟು ಗ್ರೇ, ಕಂತುಗಳ ಸಂಖ್ಯೆ, ವಿಕಿರಣ ಬಿದ್ದ ಭಾಗ, ರೋಗಿಗಳನ್ನು ಎಷ್ಟು ವರ್ಷ ಗಮನಿಸಲಾಯಿತು ಎಂಬ ನಾಲ್ಕು ವಿವರಗಳನ್ನು ತಪ್ಪದೆ ನೀಡಬೇಕು. ಚಿಕಿತ್ಸೆ ಮುಗಿಸಿ ಹೊರಡುವ ಪ್ರತಿ ರೋಗಿಗೂ ಆಸ್ಪತ್ರೆಗಳು ಮೊದಲ ಮೂರು ವಿವರಗಳನ್ನು, ಹೃದಯಕ್ಕೆ ತಲುಪಿದ ಸರಾಸರಿ ಪ್ರಮಾಣವನ್ನೂ ಸೇರಿಸಿ, ಲಿಖಿತವಾಗಿ ಕೊಡಲಿ.