ಸೋಮವಾರ ಮುಚ್ಚಿರುವ ಅರಮನೆಗೆ ಸೋಮವಾರವೇ ಕರೆದೊಯ್ದ ಪ್ರವಾಸದ ಕುರಿತು ದೂರು

ಮೈಸೂರು
ದಿನಾಂಕ: 9 ಜೂನ್ 2025

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಯುರೋಪ್ ಪ್ರವಾಸ ಏರ್ಪಡಿಸಿದ ಸಂಸ್ಥೆ, ಬೆಂಗಳೂರು

ವಿಷಯ: ಜರ್ಮನಿಯ ಪಾಟ್ಸ್‌ಡ್ಯಾಮ್ ಭೇಟಿಯಲ್ಲಾದ ಸೇವಾ ನ್ಯೂನತೆ, ಪ್ರವೇಶ ಶುಲ್ಕದ ಮರುಪಾವತಿ ಹಾಗೂ ಲಿಖಿತ ವಿವರಣೆ ಕೋರಿ.

ಮಾನ್ಯರೇ,

ಕಳೆದ ಮೇ ತಿಂಗಳಿನಲ್ಲಿ ನಿಮ್ಮ ಸಂಸ್ಥೆಯ ಯುರೋಪ್ ಪ್ರವಾಸದಲ್ಲಿ ನಾನು ನನ್ನ ತಂದೆ ತಾಯಿಯವರೊಂದಿಗೆ ಭಾಗವಹಿಸಿದ್ದೆ. ಹೋಟೆಲು, ಬಸ್ಸು, ಊಟೋಪಚಾರಗಳ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಈ ದೂರು ಬರ್ಲಿನ್‌ನಿಂದ ಪಾಟ್ಸ್‌ಡ್ಯಾಮ್‌ಗೆ ಕರೆದೊಯ್ದ ದಿನಕ್ಕೆ ಮಾತ್ರ ಸಂಬಂಧಿಸಿದ್ದು. ನೀವು ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ ಆ ದಿನದ ಎದುರು ‘ಸಾನ್‌ಸೂಸಿ ಅರಮನೆಯ ಒಳಾಂಗಣ ವೀಕ್ಷಣೆ, ಉದ್ಯಾನದಲ್ಲಿ ಮಾರ್ಗದರ್ಶಿಯೊಂದಿಗೆ ವಿಹಾರ’ ಎಂದು ಅಚ್ಚಾಗಿದೆ. ಬಿಲ್ಲಿನಲ್ಲಿ ‘ಪಾಟ್ಸ್‌ಡ್ಯಾಮ್ ಅರಮನೆ ಮತ್ತು ಉದ್ಯಾನ ಪ್ರವೇಶ’ ಎಂಬ ಬಾಬ್ತಿಗೆ ತಲಾ 45 ಯೂರೋ ಪ್ರತ್ಯೇಕವಾಗಿ ಹಿಡಿದಿದ್ದೀರಿ. ಆದರೆ ಅರಮನೆಯೊಳಗೆ ನಾವು ಕಾಲಿಡಲಿಲ್ಲ, ಉದ್ಯಾನಕ್ಕೋ ಅಲ್ಲಿ ಕಡ್ಡಾಯ ಶುಲ್ಕವೇ ಇಲ್ಲ.

ಯುರೋಪಿನ ಪ್ರವಾಸಗಳನ್ನು ಹತ್ತಾರು ಸಂಸ್ಥೆಗಳು ನಡೆಸುತ್ತವೆ. ಅವುಗಳಲ್ಲಿ ನಿಮ್ಮದನ್ನು ಆರಿಸಿಕೊಂಡದ್ದಕ್ಕೆ ಪಾಟ್ಸ್‌ಡ್ಯಾಮ್ ಒಂದೇ ಕಾರಣವಾಗಿತ್ತು ಎಂಬುದನ್ನು ಬುಕಿಂಗ್ ಸಮಯದಲ್ಲಿಯೇ ನಿಮ್ಮ ಸಿಬ್ಬಂದಿಗೆ ತಿಳಿಸಿದ್ದೆ. ನನ್ನ ತಂದೆಯವರು ತೋಟಗಾರಿಕೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಲಾಲ್‌ಬಾಗನ್ನು ಬೆಳೆಸಿದ ಕೃಂಬಿಗಲ್ ಅವರು ಜರ್ಮನಿಯಿಂದ ಬಂದವರಾದ್ದರಿಂದ, ಆ ದೇಶದ ಅರಮನೆ ತೋಟಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಪ್ರಷ್ಯದ ದೊರೆ ಎರಡನೇ ಫ್ರೆಡರಿಕ್ 1744ರಲ್ಲಿ ಗುಡ್ಡದ ಇಳಿಜಾರನ್ನು ಆರು ಮೆಟ್ಟಿಲು ಜಗಲಿಗಳಾಗಿ ಕಡಿಸಿ ದ್ರಾಕ್ಷಿ ಹಾಕಿಸಿದ್ದು, ಅದರ ನೆತ್ತಿಯ ಮೇಲೆ 1745ರಿಂದ 1747ರೊಳಗೆ ಸಾನ್‌ಸೂಸಿ ಎಂಬ ಈ ಒಂದೇ ಅಂತಸ್ತಿನ ಬೇಸಿಗೆ ಅರಮನೆ ಎದ್ದದ್ದು, ಮುಂದಿನ ಶತಮಾನದಲ್ಲಿ ಲೆನೆ ಎಂಬ ತೋಟಗಾರ ಅದೇ ಉದ್ಯಾನದ ದಕ್ಷಿಣದ ತಗ್ಗು ನೆಲವನ್ನು ಹುಲ್ಲುಗಾವಲು, ಮರಗಳ ಗುಂಪು, ಬಳಸು ದಾರಿಗಳ ತೋಟವಾಗಿ ಮಾರ್ಪಡಿಸಿದ್ದು, ಇವೆಲ್ಲವನ್ನೂ ಅವರು ಓದಿ ಸಿದ್ಧರಾಗಿಯೇ ಬಂದಿದ್ದರು. ಈ ಅರಮನೆಗಳೂ ಉದ್ಯಾನಗಳೂ 1990ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ ಎಂಬುದನ್ನು ನಿಮ್ಮ ಜಾಹೀರಾತೂ ಹೇಳುತ್ತದೆ.

ಅಂದು ಸೋಮವಾರ. ಹಳೆಯ ಗಾಳಿಯಂತ್ರದ ಹತ್ತಿರದ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿಸಿ, ನಿಮ್ಮ ಟೂರ್ ಮ್ಯಾನೇಜರ್ ನಮ್ಮನ್ನು ಅರಮನೆಯ ಉತ್ತರದ ಅಂಗಳಕ್ಕೆ, ಅಂದರೆ ಅರ್ಧಚಂದ್ರಾಕಾರದಲ್ಲಿ ಜೋಡಿಕಂಬಗಳು ನಿಂತಿರುವ ಹಿಂಭಾಗಕ್ಕೆ ಕರೆತಂದರು. ಬಾಗಿಲು ಹಾಕಿತ್ತು. ಸಾನ್‌ಸೂಸಿ ಅರಮನೆಗೆ ಸೋಮವಾರ ರಜೆ. ಇದು ಆ ವಾರದ ವಿಶೇಷವಲ್ಲ, ವರ್ಷವಿಡೀ ಇರುವ ನಿಯಮ, ಅರಮನೆಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದಾದದ್ದು. ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಅರಮನೆಗೆ ಕೊಡುವ ಟಿಕೆಟ್ಟಿನಲ್ಲಿ ಒಳಹೋಗುವ ವೇಳೆ ನಮೂದಾಗಿರುತ್ತದೆ. ಒಮ್ಮೆಲೇ ಹೆಚ್ಚು ಜನರನ್ನು ಬಿಡುವುದಿಲ್ಲವಾದ್ದರಿಂದ ದೊಡ್ಡ ಗುಂಪುಗಳು ಮುಂಚಿತವಾಗಿಯೇ ಕಾಯ್ದಿರಿಸಬೇಕು. ಕಾಯ್ದಿರಿಸಲು ಯಾರಾದರೂ ಪ್ರಯತ್ನಪಟ್ಟಿದ್ದರೆ ಸೋಮವಾರಕ್ಕೆ ವೇಳೆಯೇ ಇಲ್ಲವೆಂದು ಆಗಲೇ ಗೊತ್ತಾಗುತ್ತಿತ್ತು. ಹಾಗಾದ ಮೇಲೆ, ನಮ್ಮಿಂದ ಹಣ ಪಡೆದ ನೀವು ಟಿಕೆಟ್ ಕಾಯ್ದಿರಿಸುವ ಪ್ರಯತ್ನವನ್ನೇ ಮಾಡಿರಲಿಲ್ಲ ಎಂದು ತಿಳಿಯದೆ ಬೇರೆ ದಾರಿಯಿಲ್ಲ. ಇದು ನನ್ನ ತಪ್ಪು ಊಹೆಯಾದರೆ, ಟಿಕೆಟ್ಟಿನ ಪ್ರತಿಯನ್ನು ಕಳುಹಿಸಿಕೊಡಿ.

ಬಾಗಿಲು ಹಾಕಿದ್ದನ್ನು ಕಂಡು ಕೆಲವರು ಆಕ್ಷೇಪಿಸಿದಾಗ ನಿಮ್ಮ ಟೂರ್ ಮ್ಯಾನೇಜರ್, ಸೋಮವಾರ ಇಲ್ಲಿನ ಎಲ್ಲ ಅರಮನೆಗಳೂ ಮುಚ್ಚಿರುತ್ತವೆ, ಏನೂ ಮಾಡುವಂತಿಲ್ಲ ಎಂದು ಎಲ್ಲರೆದುರು ಹೇಳಿದರು. ಈ ಮಾತು ನಿಜವಲ್ಲ. ಅದೇ ಉದ್ಯಾನದ ಪಶ್ಚಿಮದ ತುದಿಯಲ್ಲಿ, ಎರಡು ಕಿಲೋಮೀಟರಿಗೂ ಮೀರಿ ನೇರವಾಗಿ ಸಾಗುವ ಮುಖ್ಯ ಸಾಲುಮರದ ದಾರಿಯ ಕೊನೆಯಲ್ಲಿ, ನ್ಯೂ ಪ್ಯಾಲೇಸ್ ಎಂದು ನಿಮ್ಮದೇ ಪಟ್ಟಿಯಲ್ಲಿ ಚಿತ್ರ ಹಾಕಿರುವ ಅರಮನೆಯಿದೆ. ಅದರ ವಾರದ ರಜೆ ಮಂಗಳವಾರ. ನಾವು ಹೋದ ಸೋಮವಾರ ಅದು ತೆರೆದಿತ್ತು. ಏಳು ವರ್ಷಗಳ ಯುದ್ಧ ಮುಗಿದ ಮೇಲೆ 1763ರಿಂದ 1769ರವರೆಗೆ ಕಟ್ಟಿಸಿದ, ಇನ್ನೂರಕ್ಕೂ ಹೆಚ್ಚು ಕೋಣೆಗಳ ಆ ಕಟ್ಟಡದಲ್ಲಿ ಕಪ್ಪೆಚಿಪ್ಪು, ಖನಿಜ, ಬಣ್ಣದ ಕಲ್ಲುಗಳಿಂದಲೇ ಗೋಡೆಯನ್ನು ಅಲಂಕರಿಸಿದ ಸಭಾಂಗಣವೊಂದಿದೆ. ನಮ್ಮ ಬಸ್ಸು ಅಲ್ಲಿಗೆ ಹೋಗಬಹುದಿತ್ತು; ಊರಿನ ಸಾರಿಗೆ ಬಸ್ಸೂ ಎರಡು ಅರಮನೆಗಳ ನಡುವೆ ಓಡಾಡುತ್ತದೆ. ಒಂದು ಬಾಗಿಲು ಮುಚ್ಚಿದ್ದನ್ನು ಮರೆವು ಎಂದು ಕ್ಷಮಿಸಬಹುದು, ತೆರೆದಿದ್ದ ಬಾಗಿಲನ್ನೂ ಮುಚ್ಚಿದೆ ಎಂದು ನಂಬಿಸಿದ್ದನ್ನು ಹಾಗೆ ಕ್ಷಮಿಸಲಾಗದು. ಈ ಪತ್ರ ಬರೆಯುವಂತೆ ಮಾಡಿದ್ದು ಮುಖ್ಯವಾಗಿ ಅದೇ.

ಇನ್ನು ಉದ್ಯಾನದ ವಿಷಯ. ಸುಮಾರು 290 ಹೆಕ್ಟೇರಿನ ಆ ಉದ್ಯಾನ ಸಾರ್ವಜನಿಕರಿಗೆ ಉಚಿತ. ಇಷ್ಟವಿದ್ದವರು ಸ್ವಇಚ್ಛೆಯ ಕಾಣಿಕೆ ಕೊಡಬಹುದು, ಅಷ್ಟೆ. ಹಣವಿಲ್ಲದೆ ಸಿಗುವ ಈ ಭಾಗವನ್ನಾದರೂ ನೀವು ಮನಸ್ಸಿಟ್ಟು ತೋರಿಸಬಹುದಿತ್ತು. ಹಿಂಭಾಗದ ಅಂಗಳದಲ್ಲಿಯೇ ಎಲ್ಲರಿಗೂ ಫೋಟೋ ತೆಗೆಸಿ, ಮುಕ್ಕಾಲು ಗಂಟೆಯಲ್ಲಿ ಬಸ್ಸಿಗೆ ಮರಳಿ ಎಂದು ಸೂಚಿಸಿದ್ದು, ಶ್ರವಣಬೆಳಗೊಳಕ್ಕೆ ಕರೆದೊಯ್ದು ಬೆಟ್ಟದ ಬುಡದಿಂದಲೇ ವಾಪಸು ಕರೆತಂದಂತಾಯಿತು. ಮಾರ್ಗದರ್ಶಿ ಎಂದು ಯಾರೂ ಇರಲಿಲ್ಲ. ಆ ಅರಮನೆಯ ನಿಜವಾದ ಮುಖವಿರುವುದು ದಕ್ಷಿಣಕ್ಕೆ, ಜಗಲಿಗಳ ಕಡೆಗೆ. ಪಕ್ಕದಿಂದ ಬಳಸಿ ಬಂದರೆ ನಾಲ್ಕು ಹೆಜ್ಜೆ. ಅದನ್ನು ಹೇಳದಿದ್ದುದರಿಂದ ಗುಂಪಿನ ಅರ್ಧಕ್ಕರ್ಧ ಜನ ಆ ಮುಖವನ್ನು ನೋಡಲೇ ಇಲ್ಲ. ಫ್ರೆಡರಿಕ್‌ನ ಸಮಾಧಿ ಇರುವುದೂ ಆ ಕಡೆಗೇ, ಅವನ ಸಾಕುನಾಯಿಗಳ ಗೋರಿಗಳ ಪಕ್ಕದಲ್ಲಿ. 1786ರಲ್ಲಿ ತೀರಿಕೊಂಡ ದೊರೆಯ ಇಚ್ಛೆಯಂತೆ ಅವನನ್ನು ಅಲ್ಲಿ ಹೂಳಿದ್ದು ಜರ್ಮನಿ ಒಂದಾದ ಮೇಲೆ, 1991ರಲ್ಲಿ. ಚಪ್ಪಟೆ ಕಲ್ಲಿನ ಮೇಲೆ ಯಾರೋ ಇಟ್ಟುಹೋದ ಆಲೂಗಡ್ಡೆಗಳನ್ನು ಕಂಡು ನನ್ನ ತಾಯಿಯವರು ಕಾರಣ ಕೇಳಿದರು. ಆಲೂಗಡ್ಡೆ ಬೇಸಾಯಕ್ಕೆ ಅವನು ಒತ್ತಾಸೆಯಾಗಿದ್ದ ನೆನಪಿಗೆ ಜನ ಹಾಗೆ ಇಡುತ್ತಾರೆಂದು ತಿಳಿಸಿದವರು ಪಕ್ಕದಲ್ಲಿದ್ದ ಅಪರಿಚಿತ ಜರ್ಮನ್ ಮಹಿಳೆ.

ತಂದೆಯವರು ಎರಡನೆಯ ಜಗಲಿಯವರೆಗೆ ಇಳಿದರು. ಬಿಸಿಲನ್ನು ಹಿಡಿದಿಡಲೆಂದು ಒಳಕ್ಕೆ ಬಾಗಿಸಿ ಕಟ್ಟಿದ ಆ ಗೋಡೆಗಳಲ್ಲಿ ಒಟ್ಟು 168 ಗೂಡುಗಳಿವೆ. ಪ್ರತಿಯೊಂದಕ್ಕೂ ಗಾಜಿನ ಬಾಗಿಲು, ಒಳಗೆ ಅಂಜೂರ, ಹೊರಗಿನ ಗೋಡೆಗೆ ಹಬ್ಬಿಸಿದ ಬಳ್ಳಿ. ಚಳಿಯ ನಾಡಿನಲ್ಲಿ ಬಿಸಿಲು ನಾಡಿನ ಹಣ್ಣು ಬೆಳೆಯುವ ಉಪಾಯವಿದು. ಕದದ ಕೀಲು, ಗೋಡೆಗೂ ಗಿಡಕ್ಕೂ ಬಿಟ್ಟ ಅಂತರ, ಬಳ್ಳಿ ಕಟ್ಟಿದ ಪಟ್ಟಿ ಇವುಗಳನ್ನು ಅವರು ಬಗ್ಗಿ ನೋಡುತ್ತಿರುವಾಗಲೇ ನಿಮ್ಮ ಟೂರ್ ಮ್ಯಾನೇಜರ್ ಅವರ ಫೋನು ಬಂತು: ಹೊರಡಬೇಕು, ಎಲ್ಲರೂ ಕಾಯುತ್ತಿದ್ದಾರೆ. ಅಷ್ಟು ಅವಸರದಿಂದ ಹೊರಟ ಬಸ್ಸು ನಿಂತದ್ದು ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರೇ ಇಲ್ಲದ, ಊರಾಚೆಯ ಮಾರಾಟ ಮಳಿಗೆಗಳ ಸಂಕೀರ್ಣದ ಮುಂದೆ. ಅಲ್ಲಿ ನಮಗೆ ಕೊಟ್ಟ ಬಿಡುವು ಅರಮನೆಯಲ್ಲಿ ಕೊಟ್ಟದ್ದರ ಎರಡರಷ್ಟು.

ದಾರಿಯಲ್ಲಿ, ಹಾವೆಲ್ ನದಿಯ ಕೊಲ್ಲಿಯ ದಂಡೆಯಲ್ಲಿ ಗುಮ್ಮಟ ಮಿನಾರುಗಳಿರುವ ಕಟ್ಟಡವೊಂದನ್ನು ಕಿಟಕಿಯಿಂದ ತೋರಿಸಿ ಅದು ಹಳೆಯ ಮಸೀದಿ ಎಂದು ಮೈಕಿನಲ್ಲಿ ಹೇಳಲಾಯಿತು. ಅದು 1841ರಿಂದ 1843ರಲ್ಲಿ ಕಟ್ಟಿದ ಪಂಪ್‌ಹೌಸ್. ಮಿನಾರಿನಂತೆ ಕಾಣುವುದು ಹೊಗೆಕೊಳವೆ. ಫ್ರೆಡರಿಕ್‌ನ ಕಾಲದಲ್ಲಿ ಎಷ್ಟು ಹಣ ಸುರಿದರೂ ಸರಿಯಾಗಿ ಚಿಮ್ಮದ ಉದ್ಯಾನದ ಕಾರಂಜಿಗೆ ಕೊನೆಗೂ ನೀರು ಕೊಟ್ಟದ್ದು ಅಲ್ಲಿನ ಉಗಿಯಂತ್ರ. ತಪ್ಪು ಚಿಕ್ಕದು, ಇದಕ್ಕಾಗಿ ಪರಿಹಾರ ಕೇಳುತ್ತಿಲ್ಲ. ಹಾಗೆಯೇ, 1945ರ ಪಾಟ್ಸ್‌ಡ್ಯಾಮ್ ಸಮ್ಮೇಳನ ನಡೆದ ಸೆಸಿಲಿಯನ್‌ಹೋಫ್ ಅರಮನೆ ದುರಸ್ತಿಗಾಗಿ ಮುಚ್ಚಿದ್ದು, ಹೊರಗಿನಿಂದ ಮಾತ್ರ ತೋರಿಸುವುದಾಗಿ ನೀವು ಮೊದಲೇ ತಿಳಿಸಿದ್ದಿರಿ, ಹೇಳಿದಂತೆಯೇ ತೋರಿಸಿದಿರಿ. ಅಲ್ಲಿ ಪಾಲಿಸಿದ ಪದ್ಧತಿ ಸಾನ್‌ಸೂಸಿಗೆ ಏಕೆ ಅನ್ವಯಿಸಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಮರಳಿ ಬಂದ ಮೇಲೆ ದೂರವಾಣಿಯಲ್ಲಿ ವಿಚಾರಿಸಿದಾಗ, ‘ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮ ಬದಲಾಗಬಹುದು’ ಎಂಬ ಷರತ್ತನ್ನು ನಿಮ್ಮ ಸಿಬ್ಬಂದಿ ಓದಿ ಹೇಳಿದರು. ಮುಷ್ಕರ, ಬಿರುಗಾಳಿ, ವಿಮಾನದ ವಿಳಂಬ ಇವು ಅನಿವಾರ್ಯ. ವಾರಕ್ಕೊಮ್ಮೆ ಬರುವ ಸೋಮವಾರ ಅನಿವಾರ್ಯ ಕಾರಣವಾಗುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮರುದಿನ ನಾವು ಬರ್ಲಿನ್‌ನಲ್ಲಿಯೇ ಇದ್ದೆವು. ಎರಡು ದಿನಗಳ ಕಾರ್ಯಕ್ರಮವನ್ನು ಅದಲು ಬದಲು ಮಾಡಿದ್ದರೆ ಸಾಕಿತ್ತು.

ಆದ್ದರಿಂದ, ಅರಮನೆ ಮತ್ತು ಉದ್ಯಾನ ಪ್ರವೇಶದ ಹೆಸರಿನಲ್ಲಿ ನಮ್ಮ ಮೂವರಿಂದ ಪಡೆದ 135 ಯೂರೋ ಮೊತ್ತವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದೂ, ಒದಗಿಸದ ಮಾರ್ಗದರ್ಶಿಯ ಸೇವೆಗೆ ಹಾಗೂ ಅನುಮತಿಯಿಲ್ಲದೆ ಸೇರಿಸಿದ ಮಳಿಗೆ ಭೇಟಿಗೆ ಸೂಕ್ತ ಪರಿಹಾರ ನೀಡಬೇಕೆಂದೂ, ಟಿಕೆಟ್ ಕಾಯ್ದಿರಿಸಲಾಗಿತ್ತೇ ಇಲ್ಲವೇ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕೆಂದೂ ಕೋರುತ್ತೇನೆ. ಮುಂದಿನ ತಂಡಗಳ ಪಟ್ಟಿಯಲ್ಲಿಯೂ ಪಾಟ್ಸ್‌ಡ್ಯಾಮ್ ಸೋಮವಾರಕ್ಕೇ ಬಿದ್ದಿರುವುದನ್ನು ನಿಮ್ಮ ಜಾಲತಾಣದಲ್ಲಿ ನೋಡಿದ್ದೇನೆ. ಅದನ್ನು ಕೂಡಲೇ ತಿದ್ದಿರಿ. ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಕಾರ್ಯಕ್ರಮ ಪಟ್ಟಿ, ಬಿಲ್ಲು ಹಾಗೂ ಪಾವತಿ ರಸೀದಿಯ ಪ್ರತಿಗಳು, ಮುಚ್ಚಿದ ಬಾಗಿಲಿನ ಮುಂದೆ ತೆಗೆದ ಛಾಯಾಚಿತ್ರ.