ಗೊತ್ತಾಗದಂತೆ ಕುಡಿತ ಬಿಡಿಸುವ ಜಾಹೀರಾತು ನಿಲ್ಲಿಸಿ

ಮಾನ್ಯರೇ,

'ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ, ನೂರಕ್ಕೆ ನೂರು ಗ್ಯಾರಂಟಿ' ಅನ್ನೋ ಜಾಹೀರಾತುಗಳನ್ನು ಪತ್ರಿಕೆಗಳು ಇನ್ನಾದರೂ ನಿಲ್ಲಿಸಬೇಕು. ಲೈಟು ಕಂಬಕ್ಕೆ ಅಂಟಿಸಿದ್ದನ್ನು ಜನ ಅಷ್ಟಾಗಿ ನಂಬೋದಿಲ್ಲ. ಪೇಪರಲ್ಲಿ ಬಂದಿದೆ ಅಂದ್ರೆ ನಂಬುತ್ತಾರೆ.

ಕಲಬುರಗಿಯಲ್ಲಿ ನಮ್ಮದು ಔಷಧಿ ಅಂಗಡಿ. ಮೊನ್ನೆ ಜೇವರ್ಗಿ ಕಡೆಯ ಹೆಣ್ಮಗಳೊಬ್ಬಳು ಸೊಂಟದ ಚೀಲದಿಂದ ಮಡಚಿದ ಪೇಪರ್ ತುಂಡು ತೆಗೆದು ಕೌಂಟರ್ ಮೇಲಿಟ್ಟಳು. "ಅಣ್ಣಾರ, ಚಹಾದಾಗ ಹಾಕೋ ಈ ಪುಡಿ ಅದ ಏನ್ರಿ? ನಮ್ಮ ಮನಿಯವ್ರಿಗಿ ಗೊತ್ತಾಗಬಾರ್ದು ನೋಡ್ರಿ." ಇಲ್ಲಮ್ಮ ಅಂದೆ. ಹಂಗಾದ್ರೆ ಇದರಾಗಿನ ನಂಬರಿಗೆ ಫೋನ್ ಹಚ್ಚಿ ಕೊಡ್ರಿ ಅಂದಳು.

ಪುಡಿಯಲ್ಲಿ ಏನಿದೆ ಅಂತ ಮಾರುವವರು ಹೇಳೋದಿಲ್ಲ, ನನಗೆ ಭಯ ಇರೋದೇ ಅಲ್ಲಿ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಅದನ್ನೇ ಪುಡಿ ಮಾಡಿ ಬೆರೆಸಿದ್ದರೆ? 1940ರ ದಶಕದ ಕೊನೆಗೆ ಡೆನ್ಮಾರ್ಕಿನ ಸಂಶೋಧಕರು ಕುಡಿತ ಬಿಡಿಸಲು ಬಳಕೆಗೆ ತಂದದ್ದು. ಕುಡಿದ ಮದ್ಯ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷವಾಗುತ್ತೆ, ಆಮೇಲೆ ಆ ವಿಷವೂ ಒಡೆದು ಹೋಗಬೇಕು. ಈ ಮಾತ್ರೆ ಅದನ್ನು ಒಡೆಯೋಕೆ ಬಿಡೋದಿಲ್ಲ. ಇದನ್ನು ನುಂಗಿ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಹೊಡೆದು, ಬಿಪಿ ಕುಸಿಯುತ್ತೆ, ಹೃದಯದ ತೊಂದರೆ ಇದ್ದವರಿಗಂತೂ ಜೀವಕ್ಕೇ ಕುತ್ತು. ಅದಕ್ಕೇ ಡಾಕ್ಟರು ಲಿವರ್ ಪರೀಕ್ಷೆ ಮಾಡಿಸಿ, ರೋಗಿಗೆ ಎಲ್ಲಾ ತಿಳಿಸಿ, ಅವನು ಒಪ್ಪಿದ ಮೇಲಷ್ಟೇ ಬರೆದು ಕೊಡೋದು. ಕದ್ದು ಚಹಾದಲ್ಲಿ ಹಾಕೋದಲ್ಲ.

ಇನ್ನು ದಿನಾ ಜಾಸ್ತಿ ಕುಡಿಯುವವನು ಒಮ್ಮೆಲೇ ಬಿಟ್ಟರೂ ಕಷ್ಟವೇ. ಕೈ ನಡುಕ, ಫಿಟ್ಸ್, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು, ಬಡಬಡಿಸೋದು. ನಮ್ಮ ಕಡೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋಕೆ ಓಡುತ್ತಾರೆ. ಆಸ್ಪತ್ರೆಗೆ ಹೋಗಬೇಕಾದ ಹೊತ್ತು ಅಲ್ಲೇ ಕಳೆದುಹೋಗುತ್ತೆ.

ದೆಹಲಿಯ ಏಮ್ಸ್ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳೇ ಈ ಪುಡಿ ಮಾರುವವರ ಗಿರಾಕಿಗಳು. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ನಮ್ಮ ಸರ್ಕಾರ, ಅದರ ಚೂರು ಪಾಲು ತಾಲ್ಲೂಕು ಆಸ್ಪತ್ರೆಗೆ ಕೊಟ್ಟು ಕುಡಿತ ಬಿಡಿಸುವ ಚಿಕಿತ್ಸೆ ಅಲ್ಲೇ ಸಿಗೋ ಹಾಗೆ ಮಾಡಬಹುದಲ್ವಾ? ಆ ಮಾತು ಬೇರೆ, ಅದಕ್ಕೆ ಇನ್ನೊಂದು ಪತ್ರವೇ ಬೇಕು.

ನಿಮ್ಮ ಕೈಲಿ ಆಗೋದು ಇಷ್ಟು. ಆ ಜಾಹೀರಾತಿನ ಜಾಗದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿ. ಫೋನ್ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಾಹೀರಾತಿನ ದುಡ್ಡು ಸ್ವಲ್ಪ ಖೋತಾ ಆಗಬಹುದು, ಆಗಲಿ ಬಿಡಿ.

- ಒಬ್ಬ ಔಷಧಿ ವ್ಯಾಪಾರಿ, ಕಲಬುರಗಿ