ಮದುವೆಯ ಚಿತ್ರಗಳಿಗೆ ಎರಡನೆಯ ಪ್ರತಿ ಇರಲಿ

ಮಾನ್ಯ ಸಂಪಾದಕರೇ,

ಹೊಸ ಕ್ಯಾಮೆರಾ ಕೊಳ್ಳುವ ಕಿರಿಯ ಛಾಯಾಗ್ರಾಹಕರು ಮೆಗಾಪಿಕ್ಸೆಲ್ ಎಷ್ಟೆಂದು ಕೇಳುತ್ತಾರೆ. ಎರಡು ಮೆಮೊರಿ ಕಾರ್ಡ್‌ಗಳಿಗೆ ಜಾಗವಿದೆಯೇ ಎಂದು ಕೇಳುವವರು ಕಡಿಮೆ. ಒಂದು ಮದುವೆಯಲ್ಲಿ ಧಾರೆಯ ಚಿತ್ರಗಳಿದ್ದ ನನ್ನ ಏಕೈಕ ಕಾರ್ಡ್ ಕೆಟ್ಟು, ವಧುವಿನ ತಂದೆಯ ಮುಂದೆ ತಲೆತಗ್ಗಿಸಿ ನಿಂತ ದಿನದಿಂದ, ಪ್ರತಿ ಚಿತ್ರವನ್ನೂ ಎರಡು ಕಾರ್ಡ್‌ಗಳಲ್ಲಿ ಏಕಕಾಲಕ್ಕೆ ಉಳಿಸಿ, ಅದೇ ರಾತ್ರಿ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿ, ತೆರೆದು ನೋಡಿದ ಮೇಲಷ್ಟೇ ಕಾರ್ಡನ್ನು ಫಾರ್ಮ್ಯಾಟ್ ಮಾಡುತ್ತಿದ್ದೇನೆ. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯನ್ನು ಹೆಚ್ಚು ಸಂಸ್ಕರಿಸದೆ ಉಳಿಸುವ ಕಡತದಲ್ಲಿ, ತೆಗೆಯುವುದೂ ಮುಖ್ಯ: 8 ಬಿಟ್‌ನ ಜೆಪೆಗ್ ಪ್ರತಿ ಬಣ್ಣಕ್ಕೆ ಕಪ್ಪಿನಿಂದ ಬೆಳಕಿನವರೆಗೆ 256 ಹಂತಗಳನ್ನಷ್ಟೇ ಉಳಿಸಿಕೊಂಡರೆ, 14 ಬಿಟ್‌ನ ರಾ 16,384 ಹಂತಗಳನ್ನು ಹಿಡಿದಿಡಬಲ್ಲದು, ಹೋಮದ ಹೊಗೆಯಲ್ಲಿ, ಮಂಟಪದ ಹಳದಿ ದೀಪದಡಿ ಮಂಕಾದ ಮುಖಗಳನ್ನು ತಿದ್ದಲು ಇದು ಬೇಕೇ ಬೇಕು. ಈ ಕೆಲಸದ ವೆಚ್ಚವನ್ನು ದರಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕೆಂದು ಸಹೋದ್ಯೋಗಿಗಳನ್ನು ಕೋರುತ್ತೇನೆ.

– ಒಬ್ಬ ಛಾಯಾಗ್ರಾಹಕ, ಹಾಸನ